ಕೇಳದೆ ಬಂದ ಬಿಸಿ

ಸೊಂಟದ ಬಳಿ ನೀರು ಬೆಚ್ಚಗಾಯಿತು, ತುಸುವೇ, ಮಗುವಿನ ಸ್ನಾನದ ತೊಟ್ಟಿಗೆ ಇನ್ನೊಂದು ಚೊಂಬು ಬಿಸಿನೀರು ಬೆರೆಸಿದಷ್ಟು, ಬೆನ್ನ ಮೇಲೆ ಹರಡಿ ತೊಡೆಗಿಳಿದು ಮೊಣಕಾಲು ಸುತ್ತಿ ಪಾದದ ಬಳಿ ಉಡುಪಿನ ಅಂಚಿನಿಂದ ಸಮುದ್ರಕ್ಕೆ ಜಾರಿತು, ಹಿತವಾಗಿದೆ, ಆದರೆ ನಾನು ಕೇಳಿರಲಿಲ್ಲ. ಕೇಳಿದ್ದೆನೇ — ಇಲ್ಲ, ನೀರಿಗಿಳಿದ ಮೇಲೆ ಬಿಸಿಯ ಬಗ್ಗೆ ತುಟಿ ಬಿಚ್ಚಿಲ್ಲ, ಮತ್ತೆ ಓಡ್ಮುಂಡ್ ತಾನಾಗಿ ಬಿಸಿ ಏರಿಸುವ ಪ್ರಾಣಿಯಲ್ಲ, ನೂರೈವತ್ತು ಮೀಟರು ಮೇಲೆ, ಹಡಗಿನ ಹೊಟ್ಟೆಯೊಳಗೆ, ನಮಗೆ ಉಸಿರಾಡಲು ಅನಿಲವನ್ನೂ ಮೈಮೇಲೆ ಹರಿಯಲು ಬಿಸಿನೀರನ್ನೂ ಕಳಿಸುವ ಯಂತ್ರಗಳ ಮುಂದೆ ಕಾಲು ಚಾಚಿ ಕೂತಿರುವ ಓಡ್ಮುಂಡ್, ಮೂರು ಸಲ ಬೇಡಿದರೆ ಅರ್ಧ ಡಿಗ್ರಿ ಕೊಡುವವನು, ಏನ್ ಸಾಹೇಬ್ರೇ, ಕೆಲ್ಸಕ್ಕೆ ಇಳ್ದಿದ್ದೋ ಎಣ್ಣೆ ಸ್ನಾನಕ್ಕೋ ಎಂದು ಕೇಳುವವನು, ಇವತ್ತು ಕೇಳದೆ ಕೊಟ್ಟ. ಇರಲಿ. ನಟ್ಟಿಗೆ ಸ್ಪ್ಯಾನರು ಹಾಕು, ಎಳಿ, ಉಸಿರು ಬಿಡು. ಹೆಲ್ಮೆಟ್ಟಿನೊಳಗೆ ನನ್ನ ಉಸಿರು ನನಗೇ ಬೇರೆ ಯಾರದೋ ಎಂಬಂತೆ ಕೇಳುತ್ತದೆ, ಅದು ಮೇಲೆಯೂ ಕೇಳುತ್ತದೆ, ಅದಕ್ಕೇ ಸಮನಾಗಿ ಉಸಿರಾಡಬೇಕು, ಮನಸ್ಸಿನಲ್ಲಿ ಏನೋ ಓಡುತ್ತಿದೆ ಎಂದು ಅವರಿಗೆ ತಿಳಿಯಬಾರದು. ದೀಪದ ಬೆಳಕಿನಲ್ಲಿ ತೈಲದ ಕೊಳವೆಯ ಕೀಲು, ಕೀಲಿನ ಸುತ್ತ ನಟ್ಟುಗಳು, ಅದರಾಚೆ ಕಪ್ಪು. ಬೆಳಕಿನ ಅಂಚಿನಲ್ಲಿ ಗಲ್ಲಕ್ಕೆ ಒಂದೇ ಎಳೆಯ ಗಡ್ಡವಿರುವ ಕಾಡ್ ಮೀನೊಂದು ಆಗಿನಿಂದ ನನ್ನನ್ನೇ ನೋಡುತ್ತ ನಿಂತಿದೆ, ನೀನೂ ನೋಡಪ್ಪ, ಇವತ್ತು ಎಲ್ಲರೂ ನನ್ನನ್ನು ನೋಡುವವರೇ.

ಹಾಲ್ವಾರ್, ಅದು ಮುಗೀತಲ್ಲ, ಪಕ್ಕದ್ದಕ್ಕೆ ಕೈ ಹಾಕ್ತೀಯಾ, ನಿಂಗೆ ತೊಂದ್ರೆ ಇಲ್ದಿದ್ರೆ — ಕಿವಿಯಲ್ಲಿ ಎಗಿಲ್‌ನ ದನಿ, ಮೇಲೆ ಮೈಕಿನ ಮುಂದೆ ಕೂತು ನನ್ನ ಒಂದೊಂದು ಹೆಜ್ಜೆಯನ್ನೂ ನಡೆಸುವ ಎಗಿಲ್. ತೊಂದರೆ ಇಲ್ಲದಿದ್ದರೆ! ಅವನು ಕಾರ್ಮೊಯ್ ದ್ವೀಪದವನು, ಅಲ್ಲಿ ಮದುವೆಯ ಹೆಣ್ಣನ್ನೂ ಹಾಗೆ ಕೇಳುವುದಿಲ್ಲ, ಇಷ್ಟು ವರ್ಷದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ, ಲೇ ಸೋತ್ರಾ ಎನ್ನುತ್ತಾನೆ, ಸೋತ್ರಾ ನನ್ನ ದ್ವೀಪ, ಲೇ ಸೋತ್ರಾ ನಿದ್ದೆ ಹೋದ್ಯಾ, ಲೇ ಸೋತ್ರಾ ಆ ನಟ್ಟೇನು ನಿನ್ ಹೆಂಡ್ತಿನಾ ಹಂಗೆ ಸವರ್ತಾ ಕೂತಿದೀಯ. ಇವತ್ತು ಹಾಲ್ವಾರ್. ಹಾಲ್ವಾರ್ ಅಂತೆ, ಪಾದ್ರಿ ಕರೆದ ಹಾಗೆ. ನನಗೇಕೆ ಇದನ್ನೆಲ್ಲ ಕೂಡಿಸುತ್ತ ಹೋಗುವ ಚಟ, ಬಿಸಿ ಒಂದು, ಹೆಸರು ಒಂದು, ಬೆಳಿಗ್ಗೆ ಪತ್ರಿಕೆ ಬರಲಿಲ್ಲ ಅದೊಂದು, ಹೆಲಿಕಾಪ್ಟರ್ ಬಂದ ಸದ್ದು ನಾನೇ ಕೇಳಿದ್ದೆ, ಹಡಗಿನ ಮೇಲೆ ನಾವು ಮಲಗುವ ಕೋಣೆಯ ಉಕ್ಕು ನಡುಗಿತ್ತು, ಆದರೂ ಊಟದ ಕಿಂಡಿಯಲ್ಲಿ ಬ್ರೆಡ್ಡು ಕಾಫಿ ಮಾತ್ರ ಬಂತು, ಪೇಪರ್ ಎಲ್ಲಪ್ಪಾ ಎಂದರೆ ಓಡ್ಮುಂಡ್, ಇವತ್ತು ತರ್ಲಿಲ್ಲ ಕಣೋ, ಮರ್ತ್ರಂತೆ. ಪೈಲಟ್ ಎಂದೂ ಪತ್ರಿಕೆ ಮರೆಯುವುದಿಲ್ಲ. ಹಡಗಿನ ಅಡುಗೆಯವನು ಉಪ್ಪು ಮರೆತಾನು, ಪೈಲಟ್ ಪತ್ರಿಕೆ ಮರೆಯುವುದಿಲ್ಲ. ಮತ್ತೆ, ನನ್ನ ಉತ್ತರ ಎಗಿಲ್‌ನ ಬಳಿ ಇದೆಯಲ್ಲ, ನಾನೇ ಕೊಟ್ಟದ್ದು. ಎರಡು ವಾರ ನಮ್ಮನ್ನು ಡೆಕ್ಕಿನ ಉಕ್ಕಿನ ಕೋಣೆಯೊಳಗೆ ಹಾಕಿ ಆಳದ ಒತ್ತಡ ತುಂಬುವ ಮೊದಲು ಅವನು ಒಬ್ಬೊಬ್ಬರನ್ನೇ ಹಡಗಿನ ಅಂಚಿನ ಕಂಬಿಯ ಹತ್ತಿರ ಕರೆದು, ಮುಖ ನೋಡದೆ, ಸಮುದ್ರ ನೋಡುತ್ತ ಕೇಳುತ್ತಾನೆ, ಮನೇಲಿ ಏನಾದ್ರೂ ಆದ್ರೆ ಹೇಳ್ಬೇಕಾ ಬೇಡ್ವಾ. ಯಾಕೆಂದರೆ ಒಳಗೆ ಹೋದವರನ್ನು ಹೊರಗೆ ತರಲು ಐದಾರು ದಿನ ಬೇಕು, ಉಸಿರಾಡಿದ ಹೀಲಿಯಂ ರಕ್ತದಲ್ಲಿ ಮೂಳೆಯಲ್ಲಿ ಕೂತಿರುತ್ತದೆ, ಹನಿಹನಿಯಾಗಿ ಬಿಡಿಸಬೇಕು, ಅವಸರಪಟ್ಟು ಬಾಗಿಲು ತೆಗೆದರೆ ಸೋಡಾ ಬಾಟಲಿಯ ಮುಚ್ಚಳ ಹಾರಿಸಿದಂತೆ, ನೊರೆ, ಮುಗಿಯಿತು. ತಾಯಿ ಸತ್ತರೂ, ಮನೆ ಸುಟ್ಟರೂ, ಬಾಗಿಲು ಬಾಗಿಲೇ. ಕೆಲವರು ಹೇಳಿ ಎನ್ನುತ್ತಾರೆ. ನಾನು ನಕ್ಕು, ಹೇಳಿ ಏನ್ ಕಿಸೀತೀರಾ, ಬಾಗ್ಲು ತೆಗೀತೀರಾ, ಬೇಡ ಬಿಡು ಎಂದಿದ್ದೆ. ಖಾತ್ರಿನಾ ಎಂದ. ಖಾತ್ರಿ ಎಂದೆ. ಕೈ ಕೊಟ್ಟೆ. ಒಂದು ಮಾತು ಹೇಳಿದರೆ ಉತ್ತರ ಬದಲಾಯಿಸಬಹುದು, ಯಾವಾಗ ಬೇಕಾದರೂ, ಈಗಲೂ, ಎಗಿಲ್ ನನ್ನ ಉತ್ತರ ಬದಲಾಯಿಸ್ತೀನಿ ಎಂದರೆ ಸಾಕು, ಆದರೆ ಹಾಗೆಂದ ಮೇಲೆ ಅವನು ಬಾಯಿ ತೆರೆಯುವ ಮುಂಚಿನ ಆ ಒಂದು ಕ್ಷಣವನ್ನು ಯಾರು ದಾಟಬೇಕು.

ಬೇಡ ಎಂದದ್ದು ಅರ್ನ್‌ಫಿನ್‌ನ ದೆಸೆಯಿಂದ. ಎರಡು ಚಳಿಗಾಲದ ಹಿಂದೆ ಒಂದೇ ಕೋಣೆಯಲ್ಲಿದ್ದೆವು, ಅವನು ಕೆಳಗಿನ ಮಂಚ ನಾನು ಮೇಲಿನ ಮಂಚ, ಅವನೂ ಬೇಡ ಎಂದಿದ್ದವನೇ, ಅವನು ಸ್ನಾನಕ್ಕೆ ಹೋಗಿದ್ದಾಗ ಎಗಿಲ್ ನನ್ನನ್ನು ಕರೆದು, ಹೆಡ್‌ಫೋನ್ ಕಿವಿಗೆ ಹಾಕ್ಕೊ, ಜೋರಾಗಿ ಏನೂ ಹೇಳ್ಬೇಡ, ಬರೀ ಸರಿ ಅನ್ನು ಎಂದ. ಅರ್ನ್‌ಫಿನ್‌ನ ಹೆಂಡತಿ, ಮಂಜುಗಡ್ಡೆ ಕಟ್ಟಿದ ರಸ್ತೆ, ಕಾರು. ನಾನು ಸರಿ ಎಂದೆ, ಸರಿ, ಸರಿ. ಆಮೇಲಿನ ದಿನಗಳು — ಅರ್ನ್‌ಫಿನ್ ನಗುತ್ತಿದ್ದ, ಇಸ್ಪೀಟಿನಲ್ಲಿ ಗೆಲ್ಲುತ್ತಿದ್ದ, ಯಾಕಂದರೆ ನಾನು ಸೋಲುತ್ತಿದ್ದೆ, ಬೇಸಿಗೆಗೆ ಹೆಂಡತಿಗೆ ಹೊಸ ಅಡುಗೆಮನೆ ಕಟ್ಟಿಸುತ್ತೇನೆ, ಹಳದಿ ಬಣ್ಣ ಬಳಿಸುತ್ತೇನೆ ಎನ್ನುತ್ತಿದ್ದ, ಹಳದಿ ಚೆನ್ನಾಗಿರುತ್ತೆ ಎಂದೆ ನಾನು. ಒಂದು ಮಧ್ಯಾಹ್ನ ಕಿಂಡಿಯಿಂದ ಮೀನಿನ ತಟ್ಟೆ ಬಂತು, ಬೇಯಿಸಿದ ಕಾಡ್, ದಪ್ಪ ತುಂಡುಗಳು, ನನ್ನ ಕೈಗೆ ಏನಾಯಿತೋ, ಅವನ ತಟ್ಟೆ ನನ್ನ ಕಡೆ ಎಳೆದುಕೊಂಡು ಮುಳ್ಳು ತೆಗೆಯತೊಡಗಿದೆ, ಒಂದೊಂದೇ ಮುಳ್ಳು, ತಟ್ಟೆಯ ಅಂಚಿನ ಮೇಲೆ ಸಾಲಾಗಿ, ನನಗೆ ತಿಳಿದೇ ಇರಲಿಲ್ಲ ನಾನದನ್ನು ಮಾಡುತ್ತಿದ್ದೇನೆಂದು, ಅರ್ನ್‌ಫಿನ್ ಫೋರ್ಕು ಹಿಡಿದು ನೋಡುತ್ತ ಕೂತಿದ್ದ, ನಾನೇನು ಎಳೆ ಮಗೂನಾ ಮಾರಾಯ ಎಂದ, ಹೀಲಿಯಂ ತುಂಬಿದ ಬಾತುಕೋಳಿ ದನಿಯಲ್ಲಿ, ನಕ್ಕೆವು. ಹೊರಬಂದ ದಿನ ಎಗಿಲ್ ಅವನ ಮೊಣಕೈ ಹಿಡಿದು ಸಣ್ಣ ಕೋಣೆಗೆ ಕರೆದೊಯ್ಯುವಾಗ ಅರ್ನ್‌ಫಿನ್ ಹೊಸಿಲಲ್ಲಿ ನಿಂತು ತಿರುಗಿದ, ಎಗಿಲ್‌ನನ್ನಲ್ಲ, ನನ್ನನ್ನು ನೋಡಿದ, ನನ್ನ ಕೈಗಳನ್ನು. ಮುಳ್ಳುಗಳು ನೆನಪಾಗಿದ್ದವು ಅವನಿಗೆ. ನಾನು ಆಗ ಅಂದುಕೊಂಡೆ, ಆದರೂ ಆ ದಿನಗಳು ಅವನಿಗೆ ಸಿಕ್ಕವಲ್ಲ, ಹಳದಿ ಅಡುಗೆಮನೆಯ ದಿನಗಳು, ನನಗೂ ಹಾಗೇ ಸಿಗಲಿ. ಎಂಥ ದಡ್ಡ. ಅವನಿಗೆ ಗುರುತುಗಳು ತಿಳಿದಿರಲಿಲ್ಲ, ನನಗೆ ತಿಳಿದಿವೆ, ನನ್ನ ಕೈಯೇ ಅವನ್ನು ಮಾಡಿತ್ತು, ಗುರುತು ಬಲ್ಲವನು ಬೇಡ ಎನ್ನಬಾರದು, ಯಾರು ಅನ್ನದ ತಟ್ಟೆ ಮುಂದಿಟ್ಟರೂ ಅವನು ಮೊದಲು ಮುಖ ನೋಡುತ್ತಾನೆ.

ಎಳಿ. ಬಂತು. ಇನ್ನೊಂದು ಸುತ್ತು. ಮಣ್ಣು ಮೇಲೆದ್ದು ಬೆಳಕಿನಲ್ಲಿ ಹಿಟ್ಟಿನಂತೆ ತೇಲುತ್ತದೆ, ರಾಗ್ನಾ ಹಿಟ್ಟಿನ ಡಬ್ಬಿ ಚೆಲ್ಲಿದ ಹಾಗೆ, ಹೇಳಬಾರದೆಂದಿದ್ದೆ ಆ ಹೆಸರನ್ನು, ಮನಸ್ಸಿನಲ್ಲೂ, ಬಂದುಬಿಟ್ಟಿತು. ಏಳು ವರ್ಷದವಳು, ಮುಂದಿನ ಹಲ್ಲಿಲ್ಲ, ಉಸಿರಿನ ಮಗು ಎಂದು ನನ್ನಮ್ಮ ಅವಳನ್ನು ಕರೆಯುತ್ತಾಳೆ, ಹುಟ್ಟಿದಂದಿನಿಂದ ಅವಳಿಗೆ ಉಸಿರೇ ಕೆಲಸ, ಶರತ್ಕಾಲದ ಮೊದಲ ಗಾಳಿ ಬೀಸಿದರೆ ಸಾಕು ಎದೆಯಲ್ಲಿ ಸಿಳ್ಳೆ, ಆಗ ನನ್ನ ಹೆಂಡತಿ ಇಂಗುನ್ ಅವಳನ್ನು ಸ್ನಾನದ ಮನೆಗೆ ಎತ್ತಿಕೊಂಡು ಹೋಗಿ ಬಾಗಿಲಿನ ಸಂದಿಗೆ ಟವೆಲ್ಲು ತುರುಕಿ ಬಿಸಿನೀರಿನ ನಲ್ಲಿ ತಿರುಗಿಸುತ್ತಾಳೆ, ಕನ್ನಡಿ ಮಂಜಾಗುವವರೆಗೆ, ಗೋಡೆಯಿಂದ ನೀರಿಳಿಯುವವರೆಗೆ, ಮುಚ್ಚಿದ ಕಮೋಡಿನ ಮೇಲೆ ಕೂತು ಮಗಳನ್ನು ಮಡಿಲಲ್ಲಿ ಒರಗಿಸಿಕೊಂಡು, ಬೆಚ್ಚಗಿನ ಗಾಳಿ ತಗೋ ಪುಟ್ಟಿ, ನಿಧಾನ, ಮೂಗಿನಿಂದ, ಹಾಂ ಹಾಗೆ. ಮನೆಯಲ್ಲಿದ್ದಾಗ ಬಾಗಿಲ ಹೊರಗೆ ನಾನು ನಿಂತಿರುತ್ತೇನೆ, ಓಡ್ಮುಂಡ್‌ನ ಹಾಗೆ, ಬಾಯ್ಲರು ಆರದಂತೆ ನೋಡಿಕೊಳ್ಳುವುದು ನನ್ನ ಕೆಲಸ, ಒಳಗಿನ ಉಸಿರಿಗೆ ಕಿವಿ ಕೊಡುವುದು ನನ್ನ ಕೆಲಸ. ಮಗಳು ಯಾರನ್ನೂ ಸುಲಭವಾಗಿ ನಂಬುವವಳಲ್ಲ, ಮೀನನ್ನಂತೂ ಇಲ್ಲವೇ ಇಲ್ಲ, ಮುಳ್ಳು ಎಲ್ಲಾ ತೆಗ್ದ್ಯಾ ಅಪ್ಪಾ, ತೆಗ್ದೆ, ಇನ್ನೊಂದ್ಸಲ ನೋಡು, ನೋಡ್ದೆ ಕಣೇ, ನೋಡ್ದಂಗೆ ನಾಟ್ಕ ಮಾಡಿದ್ದು ನಂಗೊತ್ತಾಯ್ತು. ನನ್ನ ಮಗಳೇ. ಕಳೆದ ಸಲ ರೇಡಿಯೋ ಫೋನಿನಲ್ಲಿ ಇಂಗುನ್ ಮಾತಾಡಿದಾಗ ರಾಗ್ನಾಗೆ ಕೊಡು ಎಂದೆ, ಮಲಗಿದ್ದಾಳೆ ಎಂದಳು. ಮಧ್ಯಾಹ್ನ. ಮಲಗಿದ್ದಾಳೆ. ಆ ಫೋನಿನಲ್ಲಿ ಯಾರೂ ಮನಸ್ಸಿನ ಮಾತಾಡುವುದಿಲ್ಲ, ಕರಾವಳಿಯುದ್ದಕ್ಕೂ ರೇಡಿಯೋ ಇರುವ ಅಜ್ಜಿಯರೆಲ್ಲ ಸಾಕ್ಸು ಹೆಣೆಯುತ್ತ ಕೇಳಿಸಿಕೊಳ್ಳುತ್ತಾರೆ, ಆದ್ದರಿಂದ ಅವಳು ಹೆಚ್ಚು ಹೇಳದ್ದು ಸಹಜ, ಸಹಜವೇ, ಆದರೆ ಹಿಂದೆ ನೀರಿನ ಸದ್ದಿತ್ತೇ, ನಲ್ಲಿ ಬಿಟ್ಟ ಸದ್ದು, ಇಲ್ಲ ಅದು ರೇಡಿಯೋದ ಗರಗರ, ಎರಡೂ ಒಂದೇ ಥರ ಕೇಳುತ್ತವೆ.

ಯೋಸ್ತೈನ್ ಬಳ್ಳಿಯನ್ನು ಸ್ವಲ್ಪ ಸಡಿಲ ಬಿಟ್ಟ, ಹೆಗಲಿಗೆ ತಿಳಿಯಿತು, ಬಳ್ಳಿ ಎಂದರೆ ಅನಿಲದ ಕೊಳವೆ, ಬಿಸಿನೀರಿನ ಕೊಳವೆ, ಮಾತಿನ ತಂತಿ ಎಲ್ಲ ಜಡೆಯಂತೆ ಹೆಣೆದದ್ದು, ಆಚೆ ತುದಿಯಲ್ಲಿ, ಹಡಗು ಉಕ್ಕಿನ ಹಗ್ಗದಲ್ಲಿ ಇಳಿಬಿಟ್ಟಿರುವ ಗೋಳದೊಳಗೆ ಯೋಸ್ತೈನ್ ಕೂತಿದ್ದಾನೆ, ನಾನು ಕೇಳುವ ಮುಂಚೆಯೇ ಬಿಡುತ್ತಾನೆ ಎಳೆಯುತ್ತಾನೆ, ಒಳ್ಳೆಯ ಕೈ ಅವನದು, ಈ ಎರಡು ವಾರ ನನ್ನ ಕೋಣೆಯ ಜೊತೆಗಾರ, ಗೊರಕೆಯವನು, ಮಾತು ಕಡಿಮೆ. ಬೆಳಿಗ್ಗೆ ನಾನು ಮುಖ ತೊಳೆದು ಬರುವಾಗ ಅವನ ಕಿವಿಗೆ ಹೆಡ್‌ಫೋನಿತ್ತು. ಸರಿ ಎಂದ. ಸರಿ. ಮತ್ತೊಮ್ಮೆ ಸರಿ. ಅದನ್ನು ತೆಗೆದು ಮೊಟ್ಟೆ ಇಟ್ಟಂತೆ ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿದ, ಯೋಸ್ತೈನ್ ಯಾವುದನ್ನೂ ಮೆಲ್ಲಗೆ ಇಡುವವನಲ್ಲ. ಏನಂತೆ ಎಂದೆ. ಹವಾಮಾನ ಎಂದ. ಹೇಗಂತೆ ಎಂದೆ. ಗಾಳಿಯಂತೆ ಎಂದ, ಉತ್ತರ ಸಮುದ್ರದಲ್ಲಿ ಗಾಳಿಯಂತೆ! — ನಿಲ್ಲು ಹಾಲ್ವಾರ್, ನಿಲ್ಲು, ಇದು ಚಳಿಯ ಆಟವೂ ಇರಬಹುದು, ಓಡ್ಮುಂಡ್ ಹೊಸಬರಿಗೆ ಪಾಠ ಹೇಳುವಾಗ ಶುರುಮಾಡುವುದೇ ಇಲ್ಲಿಂದ, ಚರ್ಮ ಸುಳ್ಳು ಹೇಳುತ್ತೆ ಕಣ್ರೋ, ಚರ್ಮನ ನಂಬ್ಬೇಡಿ, ಮೈಮೇಲೆ ಬಿಸಿನೀರು ಹರೀತಾ ಇರುತ್ತೆ, ಬೆಚ್ಚಗಿದೀನಿ ಅಂದ್ಕೋತೀರಾ, ಉಸಿರಿನ ದಾರೀಲಿ ಹೀಲಿಯಂ ಒಳಗಿನ ಬಿಸಿನೆಲ್ಲ ಕದ್ದುಕೊಂಡು ಹೋಗ್ತಾ ಇರುತ್ತೆ, ಮೈ ಬೆಚ್ಚಗೆ, ಒಳಗೆ ಕರುಳು ತಣ್ಣಗೆ, ಮೊದ್ಲು ಕೆಡೋದು ತಲೆ. ಅದಕ್ಕೇ ಅನಿಲವನ್ನೂ ಬಿಸಿ ಮಾಡುತ್ತಾರೆ, ಹೆಲ್ಮೆಟ್ಟಿನ ಪಕ್ಕದ ಕೊಳವೆಯ ಸುತ್ತ ಅದೇ ಬಿಸಿನೀರು ಹರಿಯುತ್ತದೆ. ತಲೆ ಕೆಟ್ಟವನಿಗೆ ಕಂಡದ್ದೆಲ್ಲ ಸಂಚು. ಹಾಗಾದರೆ ನನ್ನ ಸಂಶಯವೇ ರೋಗ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಒಳಗೆ ತಣ್ಣಗಾದವನು ನಾನು. ಎಷ್ಟು ಹಿತವಾದ ಯೋಚನೆ. ಅಷ್ಟರಲ್ಲಿ ಎಗಿಲ್, ಹಾಲ್ವಾರ್, ಪ್ರಶ್ನೆ ಕೇಳ್ತೀನಿ, ಉತ್ತರ ಹೇಳು. ಇದು ದಿನದ ಪದ್ಧತಿ, ಆಗಾಗ ಕೇಳುತ್ತಾರೆ, ತಲೆ ನೆಟ್ಟಗಿದೆಯೇ ಎಂದು ನೋಡಲು, ಮತ್ತು ನನಗೆ ಕೇಳುವ ಪ್ರಶ್ನೆ ಯಾವತ್ತೂ ಒಂದೇ, ಮಗಳ ಹೆಸರೇನು, ಯಾಕೆಂದರೆ ಚಳಿಗೆ ಸಿಕ್ಕಿದ ಗಂಡಸು ಹೆಂಡತಿಯ ಹೆಸರು ಮರೆತು ಇನ್ಯಾರದೋ ಹೇಳಿದರೂ ಹೇಳಿಯಾನು, ಮಗುವಿನದು ಮರೆತರೆ ಮಾತ್ರ ಎಳೆದುಕೊಳ್ಳಿ ಎಂದು ಎಗಿಲ್‌ನ ನಂಬಿಕೆ, ಪ್ರತಿ ಸಲವೂ ಅದೇ. ನಾನು ಉತ್ತರ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾದೆ. ಎಗಿಲ್ ಕೇಳಿದ, ನಮ್ಮ ಹಡಗಿನ ಹೆಸರೇನು.

ನಮ್ಮ ಹಡಗಿನ ಹೆಸರು. ಮೀನು ಇನ್ನೂ ಅಲ್ಲೇ ಇದೆ. ಸ್ಪ್ಯಾನರು ಕೈಯಲ್ಲಿದೆ. ರಾಗ್ನಾ ಎಂದೆ. ಬೇಕೆಂದೇ ಎಂದೆ. ಮೇಲೆ ಯಾರೋ ಮೈಕಿಗೆ ಕೈ ಮುಚ್ಚಿದ ಸದ್ದು, ಆಮೇಲೆ ಎಗಿಲ್, ನಾ ಕೇಳಿದ್ದು ಹಡಗಿಂದು ಹಾಲ್ವಾರ್. ಮೆಲ್ಲಗೆ. ಹಡಗಿನ ಹೆಸರು ಹೇಳಿದೆ. ಸರಿ ಎಂದ, ಚೆನ್ನಾಗಿ ಮಾಡ್ತಿದೀಯ ಎಂದ, ಕಾರ್ಮೊಯ್‌ನವನ ಬಾಯಿಂದ, ಚೆನ್ನಾಗಿ ಮಾಡ್ತಿದೀಯ. ಸೊಂಟದ ಬಳಿ ನೀರು ಮತ್ತೆ ತುಸು ಬೆಚ್ಚಗಾಯಿತು. ಇಲ್ಲ, ಇದಕ್ಕೊಂದು ಪರೀಕ್ಷೆ ಇದೆ, ಎಗಿಲ್‌ನನ್ನು ರೇಗಿಸಬೇಕು, ಅದು ಸುಲಭ, ಅವನ ಊರಿನ ಹೆಸರೆತ್ತಿದರೆ ಸಾಕು ಹಾವಿನ ಬಾಲ ತುಳಿದಂತೆ, ರೇಗಿದರೆ ಎಲ್ಲ ನೆಟ್ಟಗಿದೆ, ರೇಗದಿದ್ದರೆ — ಹೋಗಲಿ, ರೇಗುತ್ತಾನೆ. ಎಗಿಲ್, ಕಾರ್ಮೊಯ್ ಜನ ಸತ್ತಾಗ ಹೆಣದ ಪೆಟ್ಟಿಗೇಲಿ ಹೆರಿಂಗ್ ಮೀನಿನ ಪೀಪಾಯಿ ಇಡ್ತಾರಂತೆ, ದೇವರ ಹತ್ರ ವ್ಯಾಪಾರ ಮಾಡೋಕೆ, ಹೌದಾ? ಕಾದೆ. ಇದನ್ನೇ ಕಳೆದ ವರ್ಷ ಅಂದಿದ್ದಕ್ಕೆ ನನ್ನ ಅಜ್ಜ ಮುತ್ತಜ್ಜ ಎಲ್ಲರ ಹುಟ್ಟನ್ನೂ ಜಾಲಾಡಿದ್ದ, ಸೋತ್ರಾದವ್ರು ಕುರಿ ಮತ್ತೆ ಹೆಂಡ್ತಿ ನಡುವೆ ವ್ಯತ್ಯಾಸ ಗೊತ್ತಾಗೋಕೆ ಘಂಟೆ ಕಟ್ತಾರಂತೆ ಎಂದಿದ್ದ, ಹಡಗೆಲ್ಲ ನಕ್ಕಿತ್ತು. ಈಗ ನಕ್ಕ. ಹ್ಹ ಎಂದು, ಒಂದೇ ಸಲ, ಮೂಗಿನಿಂದ, ಮಗು ಹೇಳಿದ ಜೋಕಿಗೆ ದೊಡ್ಡವರು ನಗುವ ಹಾಗೆ. ಇರ್ಬೋದು ಕಣೋ ಹಾಲ್ವಾರ್ ಎಂದ. ಇರ್ಬೋದು. ಎಗಿಲ್, ಒಮ್ಮೆ ಬಯ್ಯಿ ಮಾರಾಯ, ಕೈ ಮುಗಿಯುತ್ತೇನೆ, ಒಂದೇ ಒಂದು ಸಲ, ನನ್ನ ಅಜ್ಜಿಯನ್ನಾದರೂ ಬಯ್ಯಿ. ಬಾಯಿ ತೆರೆದೆ ನಾನು, ಹೇಳಿಯೇ ಬಿಡುತ್ತೇನೆ, ನನ್ನ ಉತ್ತರ ಬದಲಾಯಿಸುತ್ತೇನೆ, ಹೇಳು, ಏನೇ ಇರಲಿ ಹೇಳು — ಬಾಯಿ ಮುಚ್ಚಿದೆ, ಈ ಕ್ಷಣದವರೆಗೆ ಅವಳು ಮಲಗಿದ್ದಾಳೆ, ಇಂಗುನ್ ಹೇಳಿದಂತೆ, ಮಧ್ಯಾಹ್ನದ ನಿದ್ದೆ, ನಾನು ಕೇಳಿದರೆ ಎಬ್ಬಿಸಿದ ಹಾಗಾಗುತ್ತದೆ, ಮಲಗಲಿ, ಮೇಲೆ ಹೋದ ಮೇಲೆ ಕೇಳುತ್ತೇನೆ, ಕೋಣೆಯಲ್ಲಿ, ಒಣ ಬಟ್ಟೆ ಹಾಕಿಕೊಂಡು, ಕೂತುಕೊಂಡು.

ಅಷ್ಟರಲ್ಲಿ ಚಳಿ. ಸೊಂಟಕ್ಕೆ ಯಾರೋ ಕತ್ತಿ ಹಾಕಿದಂತೆ, ಬಿಸಿ ಇದ್ದ ದಾರಿಯಲ್ಲೇ ಮಂಜಿನ ನೀರು, ಬೆನ್ನಿಗೆ, ತೊಡೆಗೆ, ಉಸಿರು ಸಿಕ್ಕಿಕೊಂಡಿತು, ಎಗಿಲ್, ನೀರು ತಣ್ಣಗೆ, ಎಂದೆನೋ ಕಿರುಚಿದೆನೋ, ಮೇಲೆ ಓಡ್ಮುಂಡ್ ಕೂಗುವುದು ಕೇಳಿತು, ಬೆಂಕಿ ಆರೋಯ್ತು, ಬರ್ನರ್ ಆರೋಯ್ತು, ಇನ್ನೊಂದನ್ನ ಹಚ್ತಿದೀನಿ. ಮೈಯ ಚಳಿ ದೊಡ್ಡದಲ್ಲ, ಉಸಿರಿನದು ದೊಡ್ಡದು, ಕೊಳವೆಯ ಸುತ್ತಲಿನ ನೀರು ಸತ್ತ ಕೂಡಲೇ ಅನಿಲ ಗಾಜಿನ ಪುಡಿಯಂತೆ ಒಳಗಿಳಿಯಿತು, ಎದೆ ಕಟ್ಟಿತು, ಗಂಟಲಲ್ಲಿ ಲೋಳೆ, ಒಳಗೆಳೆದದ್ದು ಅರ್ಧಕ್ಕೇ ನಿಲ್ಲುತ್ತದೆ, ಎದೆಯೊಳಗೆ ಸಿಳ್ಳೆ, ನನ್ನ ಎದೆಯಲ್ಲಿ, ಓ ಇದೇನಾ, ಇದೇ ಏನೇ ಪುಟ್ಟಿ ನಿನಗೆ ಆಗುವುದು, ಬಾಗಿಲ ಹೊರಗೆ ನಿಂತು ನಾನು ಕೇಳುತ್ತಿದ್ದದ್ದು ಇದನ್ನೇ, ಹೊರಗಿನಿಂದ ಕೇಳಿದರೆ ಸಣ್ಣ ಸದ್ದು, ಒಳಗಿನಿಂದ ಇಡೀ ಪ್ರಪಂಚ. ಮೂಗಿನಿಂದ, ನಿಧಾನ, ಹಾಂ ಹಾಗೆ. ಕೊಳವೆ ಹಿಡಿದು ನಿಂತುಬಿಟ್ಟೆ, ಯಾಕೆ ನಿಂತೆನೋ, ನಿಂತಿರುವುದು ಚೆನ್ನಾಗಿತ್ತು, ಮೀನಿನ ಗಡ್ಡ ಚೆನ್ನಾಗಿತ್ತು. ಆಗ ಕಿವಿ ಹರಿಯುವಂತೆ, ಲೇ ಸೋತ್ರಾ! ಬಾರೋ ಕತ್ತೆ! ಸ್ಪ್ಯಾನರ್ ಬಿಸಾಕೋ, ಅದೇನ್ ನಿಮ್ಮಜ್ಜಿ ಬಿಟ್ಟೋದ ಆಸ್ತಿನಾ! ಬಳ್ಳಿ ಹಿಡ್ಕೊಂಡು ಗೋಳಕ್ಕೆ ಬಾ, ಕಾಲಾಡ್ಸು, ಕಾಲು ಎರಡಿದಾವೆ ತಾನೇ ನಿಂಗೆ, ಕುರಿ ನನ್ಮಗನೇ! ಓ ಎಗಿಲ್. ಓ ನನ್ನ ದೊರೆ. ಹೆಗಲ ಬಳಿ ಬಳ್ಳಿ ಬಿಗಿದು ಯೋಸ್ತೈನ್ ಎಳೆಯತೊಡಗಿದ್ದ, ಕೈಯಿಂದ ಕೈಗೆ, ಮೀನುಗಾರರ ಮನೆಯ ಹುಡುಗನ ಎಳೆತ, ನಾನು ಅರ್ಧ ನಡೆಯುತ್ತ ಅರ್ಧ ತೇಲುತ್ತ, ಮತ್ತೆ ಎಗಿಲ್, ಮಾತಾಡೋ, ಬಾಯಿ ಮುಚ್ಬೇಡ, ಮಗಳ ಹೆಸರೇನು, ಹೇಳೋ, ಮಗಳ ಹೆಸರೇನು! ಕೇಳಿದ. ಕೇಳಿಬಿಟ್ಟ. ಅದೇ ಪ್ರಶ್ನೆ. ರಾಗ್ನಾ ಎಂದೆ, ನಗು ಬಂತು, ಲೋಳೆಯ ನಡುವೆ, ರಾಗ್ನಾ ಕಣೋ ಕಾರ್ಮೊಯ್ ಹೆರಿಂಗೇ, ರಾಗ್ನಾ, ಸತ್ತ ಮಗುವಿನ ಹೆಸರನ್ನು ಹೀಗೆ ಕೂಗಿ ಕೇಳುವವರು ಲೋಕದಲ್ಲಿಲ್ಲ, ಎಗಿಲ್ ಕೂಡ ಅಂಥವನಲ್ಲ, ಅವಳು ಇದ್ದಾಳೆ, ಮಲಗಿದ್ದಾಳೆ, ಹಲ್ಲಿಲ್ಲದ ಬಾಯಿ ತೆರೆದುಕೊಂಡು ಮಲಗಿದ್ದಾಳೆ, ಚಳಿ ಎಷ್ಟು ಒಳ್ಳೆಯದು, ಬೈಗುಳ ಎಷ್ಟು ಒಳ್ಳೆಯದು.

ಗೋಳದ ಬಾಯಿಯಿಂದ ಯೋಸ್ತೈನ್ ನನ್ನನ್ನು ಕಂಕುಳಲ್ಲಿ ಕೈಹಾಕಿ ಎತ್ತಿಕೊಂಡ, ಹೆಲ್ಮೆಟ್ಟು ಬಿಚ್ಚಿದ, ಅಷ್ಟು ಹೊತ್ತಿಗೆ ಓಡ್ಮುಂಡ್ ಇನ್ನೊಂದು ಬೆಂಕಿ ಹಚ್ಚಿದ್ದ, ಬಿಸಿನೀರಿನ ಕೊಳವೆಯನ್ನು ನನ್ನ ಕುತ್ತಿಗೆಯಿಂದ ಉಡುಪಿನೊಳಗೆ ತುರುಕಿ ಯೋಸ್ತೈನ್ ನನ್ನ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡ, ತುಸು ಹೆಚ್ಚೇ ಹೊತ್ತು ಹಿಡಿದ, ಹೆದರಿದ್ದ ಪಾಪ, ಹೆದರುವುದು ಸಹಜ. ಮೇಲೆ ಬಂದೆವು, ಗೋಳ ಕೋಣೆಗೆ ಕೂಡಿಕೊಂಡಿತು, ತೆವಳಿಕೊಂಡು ಒಳಗೆ, ಒಣ ಉಣ್ಣೆ, ಕಂಬಳಿ, ಮೇಜು, ಎದುರುಬದುರು ಎರಡು ಬೆಂಚು, ಎಲ್ಲ ಇದ್ದ ಹಾಗೇ ಇದೆ. ನನಗೆ ನಾಚಿಕೆ, ಸಂತೋಷ. ಎಂಥ ಹುಚ್ಚ ನಾನು, ಹಡಗಿನವರೆಲ್ಲ ಸೇರಿ ನನಗೆ ಮರುಕ ತೋರಿಸುತ್ತಿದ್ದಾರೆಂದು, ಪತ್ರಿಕೆ ಮರೆತರು ಅಷ್ಟೆ, ಬರ್ನರು ಸತಾಯಿಸುತ್ತಿತ್ತು, ಅದಕ್ಕೇ ಬಿಸಿ ಏರಿಳಿಯುತ್ತಿತ್ತು, ಓಡ್ಮುಂಡ್‌ಗೂ ಅದಕ್ಕೂ ಏನೂ ಸಂಬಂಧವಿಲ್ಲ, ಎಗಿಲ್‌ಗೆ ಹಲ್ಲು ನೋವಿರಬೇಕು, ಹಲ್ಲು ನೋವಿದ್ದವರು ಮೆಲ್ಲಗೆ ಮಾತಾಡುತ್ತಾರೆ. ಉತ್ತರ ಬದಲಾಯಿಸುವ ಮಾತು ಗಂಟಲವರೆಗೆ ಬಂದದ್ದು ಹಾಗೇ ಕರಗಿತು, ಯಾಕೆ ಬೇಕು. ಮನೆಗ್ಹೋದ ಮೇಲೆ ಅವಳಿಗೆ ಹೇಳಬೇಕು, ನಿನ್ನ ಎದೆಯ ಸಿಳ್ಳೆ ನನಗೂ ಬಂದಿತ್ತು ಕಣೇ ಎಂದು, ನಂಬುವುದಿಲ್ಲ, ನಾಟ್ಕ ಎನ್ನುತ್ತಾಳೆ. ಕಿಂಡಿಯಲ್ಲಿ ಗಾಳಿ ಸುಯ್ಯೆಂದಿತು, ಊಟ, ಯೋಸ್ತೈನ್ ತಟ್ಟೆಗಳನ್ನು ತೆಗೆದು ಮೇಜಿನ ಮೇಲಿಟ್ಟ, ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಕರಗಿಸಿದ ಬೆಣ್ಣೆ, ಬೇಯಿಸಿದ ಕಾಡ್, ದಪ್ಪ ತುಂಡು, ನಮ್ಮ ಅಡುಗೆಯವನು ಇವತ್ತಿಗೂ ಮುಳ್ಳು ತೆಗೆದವನಲ್ಲ, ಹಸಿದವ್ರು ತಕ್ಕೊಂಡು ತಿನ್ಲಿ ಎನ್ನುತ್ತಾನೆ, ಅದು ಸರಿಯೇ, ನನಗೆ ಹಸಿವು, ಎಷ್ಟು ಹಸಿವು ಎಂದರೆ ಹೀಲಿಯಂನಲ್ಲಿ ಸಪ್ಪೆಯಾಗುವ ಊಟವೂ ಮೂಗಿಗೆ ಹಬ್ಬದಂತಿದೆ, ಫೋರ್ಕು ಎತ್ತಿಕೊಂಡೆ. ನನ್ನ ತಟ್ಟೆ ಇರಲಿಲ್ಲ. ಈಗ ಇತ್ತಲ್ಲ. ಯೋಸ್ತೈನ್ ಅದನ್ನು ತನ್ನ ಕಡೆ ಎಳೆದುಕೊಂಡಿದ್ದ, ತಲೆ ಬಗ್ಗಿಸಿದ್ದಾನೆ, ಅವನ ದಪ್ಪ ಬೆರಳುಗಳು, ಬಳ್ಳಿ ಎಳೆದು ಕೆಂಪಾದ ಬೆರಳುಗಳು, ಬಿಳಿ ಮಾಂಸದೊಳಗೆ ಹೋಗಿ ಹುಡುಕಿ ಹೊರಬಂದವು, ಒಂದು ಮುಳ್ಳು. ತಟ್ಟೆಯ ಅಂಚಿಗೆ. ನಾನೇನು ಎಳೆ ಮಗೂನಾ ಮಾರಾಯ, ಎನ್ನಬೇಕು, ಈಗ ಎನ್ನಬೇಕು, ನಗಬೇಕು. ಅವನು ನನ್ನನ್ನು ನೋಡುತ್ತಿಲ್ಲ, ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತೇ ಇಲ್ಲ, ಇನ್ನೊಂದು ಮುಳ್ಳು, ಅದರ ಪಕ್ಕ. ಕೋಣೆ ಬೆಚ್ಚಗಾಗುತ್ತಿದೆ, ನಾನು ಕೇಳಿರಲಿಲ್ಲ. ಇನ್ನೊಂದು. ಸಾಲಾಗಿ. ಇನ್ನೊಂದ್ಸಲ ನೋಡು. ಇನ್ನೊಂದು ಮುಳ್ಳು, ತೆಳ್ಳಗೆ, ಬೆಳ್ಳಗೆ, ತಟ್ಟೆಯ ಅಂಚಿನ ಮೇಲೆ —